ಕೈಯ ಕಪಾಟು, ಮೇಜಿನ ಕಪಾಟು

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರಿದ್ದಾರೆ. ಊರಿಗೆಲ್ಲ ಅವರು ಮೇಷ್ಟ್ರು, ನನಗೂ ಮೇಷ್ಟ್ರೇ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಸಣ್ಣಕ್ಷರದ ಪುಸ್ತಕಗಳನ್ನು ಹಿಡಿದು ಕೂರುವುದು ಅವರಿಗೆ ಕಷ್ಟವಾಯಿತು. ಅವರ ಮಗ ಒಂದು ಇ-ರೀಡರನ್ನು ತಂದುಕೊಟ್ಟ. ಸ್ಲೇಟಿಗಿಂತ ಚಿಕ್ಕದು, ಸಾಧಾರಣ ಕಾದಂಬರಿಗಿಂತ ಹಗುರ; ಅಕ್ಷರಗಳನ್ನು ಬೇಕಾದಷ್ಟು ದಪ್ಪ ಮಾಡಿಕೊಳ್ಳಬಹುದು. ಮೂರು ವರ್ಷ ಮೇಷ್ಟ್ರು ಅದನ್ನು ಕೈಬಿಟ್ಟವರಲ್ಲ. ಕಳೆದ ಮಳೆಗಾಲದಲ್ಲಿ ಅದು ಒಂದು ದಿನ ಒಂದೇ ಪುಟದಲ್ಲಿ ನಿಂತುಬಿಟ್ಟಿತು. ಯಾವ ಗುಂಡಿ ಒತ್ತಿದರೂ ಮುಂದಕ್ಕಿಲ್ಲ, ಹಿಂದಕ್ಕಿಲ್ಲ. ನನ್ನ ಬಳಿಗೆ ತಂದರು.

ಇಂಥ ಯಂತ್ರಗಳ ವಿಷಯದಲ್ಲಿ ನಾನು ಸ್ವಲ್ಪ ತಿಳಿದವನೆಂದು ಬೀದಿಯಲ್ಲಿ ಹೆಸರಿದೆ. ಆ ಹೆಸರಿಗೆ ತಕ್ಕ ಧೈರ್ಯದಿಂದಲೇ ಹೇಳಿದೆ: "ಯೋಚನೆ ಮಾಡಬೇಡಿ ಮೇಷ್ಟ್ರೇ. ಇದರಲ್ಲಿರುವುದನ್ನೆಲ್ಲ ಅಳಿಸಿ ಹೊಸದರಂತೆ ಮಾಡೋಣ. ನಿಮ್ಮ ಪುಸ್ತಕಗಳೆಲ್ಲ ಕಂಪ್ಯೂಟರಿನಲ್ಲಿ ಇವೆಯಲ್ಲ, ಮತ್ತೆ ತುಂಬಿದರಾಯಿತು." ಹಾಗೆಯೇ ಅಳಿಸಿದೆ, ಹಾಗೆಯೇ ತುಂಬಿದೆ. ಕಾಲು ಗಂಟೆಯಲ್ಲಿ ಪುಸ್ತಕಗಳೆಲ್ಲ ಹಿಂದಿರುಗಿದವು. ಮೇಷ್ಟ್ರು ಒಂದನ್ನು ತೆರೆದು ನಾಲ್ಕಾರು ಪುಟ ಸರಿಸಿ ನೋಡಿ, "ಏನಯ್ಯಾ, ನಾನು ಗೆರೆ ಹಾಕಿದ್ದೆಲ್ಲ ಎಲ್ಲಿ?" ಎಂದು ಕೇಳಿದರು.

ಅದು ಎಂ. ಎಸ್. ಪುಟ್ಟಣ್ಣನವರ "ಮಾಡಿದ್ದುಣ್ಣೋ ಮಹಾರಾಯ". ಹಳೆಯ ಮೈಸೂರಿನ ಮನೆಮಾತು ಧಾರಾಳವಾಗಿ ಬಂದಿರುವ ಆ ಕಾದಂಬರಿಯಲ್ಲಿ, ಈಗ ಬಳಕೆ ತಪ್ಪಿಹೋದ ಮಾತು ಕಂಡಾಗಲೆಲ್ಲ ಮೇಷ್ಟ್ರು ಗೆರೆ ಎಳೆದು, ತಮ್ಮ ತಾಯಿ ಆ ಮಾತನ್ನು ಯಾವ ಅರ್ಥದಲ್ಲಿ ಆಡುತ್ತಿದ್ದರೆಂದು ಪಕ್ಕದಲ್ಲಿ ಗುರುತು ಹಾಕಿಕೊಂಡಿದ್ದರು. ಪುಸ್ತಕ ಬಂದಿತ್ತು, ಗೆರೆಯೂ ಗುರುತೂ ಬಂದಿರಲಿಲ್ಲ. ಅಳಿಸಿದವನು ನಾನೇ. ಈ ಲೇಖನಕ್ಕೆ ಕಾರಣವೂ ಅದೇ.

ಇ-ರೀಡರನ್ನು ಕಂಪ್ಯೂಟರಿಗೆ ಸಿಕ್ಕಿಸಿ ಎರಡರ ಪುಸ್ತಕಗಳನ್ನು ಸರಿಹೊಂದಿಸುವ ಕೆಲಸಕ್ಕೆ ಎಲ್ಲರೂ "ಸಿಂಕ್ ಮಾಡುವುದು" ಎನ್ನುತ್ತಾರೆ. ನಮ್ಮಲ್ಲಿ ಇದಕ್ಕೆ ಇನ್ನೂ ಒಳ್ಳೆಯ ಮಾತಿದೆ: ತಾಳೆ ನೋಡುವುದು. ಅಂಗಡಿಯವರು ಸಂಜೆ ಕಿರ್ದಿಯನ್ನೂ ಖಾತೆಯನ್ನೂ ತಾಳೆ ನೋಡುತ್ತಾರಲ್ಲ, ಅದೇ ಬಗೆಯ ಕೆಲಸ. ಆದರೆ ಅಂಗಡಿಯಲ್ಲಿ ಯಾವ ಲೆಕ್ಕವನ್ನು ಯಾವುದರೊಡನೆ ತಾಳೆ ನೋಡಬೇಕೆಂಬುದು ಎಲ್ಲರಿಗೂ ಗೊತ್ತಿರುತ್ತದೆ. ಇಲ್ಲಿ "ಸಿಂಕ್" ಎಂಬ ಒಂದೇ ಮಾತಿನ ಹೊಟ್ಟೆಯೊಳಗೆ ನಾಲ್ಕು ಲೆಕ್ಕಗಳು ಸೇರಿಕೊಂಡಿವೆ: ಪುಸ್ತಕ, ಹೆಸರು, ಕರ್ತೃ, ರಕ್ಷಾಪುಟ ಮುಂತಾದ ಪಟ್ಟಿಯ ವಿವರ, ನಾವು ಓದಿ ನಿಲ್ಲಿಸಿದ ಜಾಗ, ನಾವು ಎಳೆದ ಗೆರೆ ಮತ್ತು ಬರೆದ ಟಿಪ್ಪಣಿ. ಮೊದಲ ಎರಡು ತಾಳೆಯಾದರೆ ನಾಲ್ಕೂ ಆಯಿತೆಂದು ನಾನು ಭಾವಿಸಿದ್ದೆ.

ಮೊದಲು ಯಂತ್ರದ ವಿಷಯ ಸ್ವಲ್ಪ. ಇ-ರೀಡರಿನ ತೆರೆ ದೂರದರ್ಶನದ ತೆರೆಯಂಥದಲ್ಲ. ಅದರಲ್ಲಿ ಕೂದಲೆಳೆಯ ದಪ್ಪದ ಲಕ್ಷಾಂತರ ಗುಳಿಗೆಗಳಿವೆ; ಪ್ರತಿಯೊಂದರಲ್ಲಿಯೂ ಬಿಳಿಯ ಕಣ, ಕರಿಯ ಕಣ. ವಿದ್ಯುತ್ತಿನ ಸೆಳೆತಕ್ಕೆ ಯಾವ ಕಣ ಮೇಲೆ ಬರುವುದೋ ಆ ಬಣ್ಣ ಕಾಣುತ್ತದೆ. ಒಮ್ಮೆ ಮೇಲೆ ಬಂದದ್ದು ವಿದ್ಯುತ್ತಿಲ್ಲದೆಯೂ ಅಲ್ಲಿಯೇ ನಿಲ್ಲುವುದರಿಂದ, ಪುಟ ತಿರುಗಿಸುವಾಗ ಮಾತ್ರ ಬ್ಯಾಟರಿಗೆ ಖರ್ಚು. ಈ ವಿದ್ಯುತ್ ಶಾಯಿಯನ್ನು ಪೇಟೆಗೆ ತಂದ ಇ ಇಂಕ್ ಎಂಬ ಕಂಪನಿ 1997ರಲ್ಲಿ ಅಮೆರಿಕದಲ್ಲಿ ಹುಟ್ಟಿತು. 2006ರಲ್ಲಿ ಸೋನಿ ಕಂಪನಿಯವರು ಇದನ್ನು ಬಳಸಿದ ಪಿಆರ್‌ಎಸ್-500 ಎಂಬ ಓದುಯಂತ್ರವನ್ನು ಅಮೆರಿಕದಲ್ಲಿ ಮಾರಾಟಕ್ಕಿಟ್ಟರು.

ಕ್ಯಾಲಿಬರ್ ಎಂಬ ತಂತ್ರಾಂಶದ ಕಥೆ ಮೊದಲಾಗುವುದು ಅಲ್ಲಿಂದಲೇ. ಕೋವಿದ್ ಗೋಯಲ್ ಎಂಬ ನಮ್ಮ ದೇಶದ ತರುಣರು ಆಗ ಕ್ಯಾಲಿಫೋರ್ನಿಯದಲ್ಲಿ ಭೌತಶಾಸ್ತ್ರದ ಸಂಶೋಧನ ವಿದ್ಯಾರ್ಥಿ. ಅವರಿಗೆ ಯಂತ್ರ ಹಿಡಿಸಿತು. ಆದರೆ ಅದರೊಡನೆ ಕಂಪನಿ ಕೊಟ್ಟ ತಂತ್ರಾಂಶ ಅವರ ಲಿನಕ್ಸ್ ಕಂಪ್ಯೂಟರಿನಲ್ಲಿ ನಡೆಯುವಂತಿರಲಿಲ್ಲ. ಯಂತ್ರವೂ ಕಂಪ್ಯೂಟರೂ ಆಡಿಕೊಳ್ಳುವ ಭಾಷೆಯನ್ನು ಅವರೇ ಕಿವಿಗೊಟ್ಟು ಕೇಳಿ ಬಿಡಿಸಿ, ಪುಸ್ತಕ ಕಳುಹಿಸುವ ಒಂದು ಪುಟ್ಟ ತಂತ್ರಾಂಶವನ್ನು ಅದೇ ವರ್ಷ ಬರೆದರು. 2008ರಲ್ಲಿ ಅದಕ್ಕೆ ಕ್ಯಾಲಿಬರ್ ಎಂಬ ಹೆಸರಾಯಿತು. ಇಂದು ಅದು ಕಿಂಡಲ್, ಕೋಬೋ ಮೊದಲಾದ ಬೇರೆ ಬೇರೆ ಕಂಪನಿಗಳ ಯಂತ್ರಗಳನ್ನೆಲ್ಲ ಗುರುತಿಸುತ್ತದೆ. ಬೆಲೆಯಿಲ್ಲ; ಅದರ ಒಳಬರಹವನ್ನು ಯಾರು ಬೇಕಾದರೂ ಓದಿ ತಿದ್ದಬಹುದು. ಕಂಪನಿಗಳು ತಮ್ಮ ತಮ್ಮ ಯಂತ್ರಗಳಿಗೆ ಕೊಡುವ ತಂತ್ರಾಂಶಗಳೂ ಉಂಟು. ಮೇಷ್ಟ್ರ ಮನೆಯಲ್ಲಿರುವುದು ಕ್ಯಾಲಿಬರ್ ಆದ್ದರಿಂದ ಅದನ್ನೇ ಹಿಡಿದು ಹೇಳುತ್ತೇನೆ.

ಕ್ಯಾಲಿಬರಿಗೆ ಪುಸ್ತಕ ಸೇರಿಸಿದರೆ ಅದು ಮೂಲವನ್ನು ಮುಟ್ಟದೆ ಒಂದು ನಕಲನ್ನು ತನ್ನ ಫೋಲ್ಡರಿನಲ್ಲಿ ಇಡುತ್ತದೆ. ಕರ್ತೃವಿಗೊಂದು ಫೋಲ್ಡರು, ಅದರೊಳಗೆ ಪುಸ್ತಕಕ್ಕೊಂದು ಫೋಲ್ಡರು, ಅದರಲ್ಲಿ ಪುಸ್ತಕ, ರಕ್ಷಾಪುಟದ ಚಿತ್ರ, ವಿವರದ ಚೀಟಿ. ಎಲ್ಲಕ್ಕೂ ಮೇಲೆ ಒಂದು ದೊಡ್ಡ ಪಟ್ಟಿ. ಗ್ರಂಥಾಲಯದ ದಾಖಲೆ ಪುಸ್ತಕವೆನ್ನಬಹುದು. ದೊಡ್ಡ ಪಟ್ಟಿ ಕೆಟ್ಟುಹೋದರೂ ಚೀಟಿಗಳನ್ನು ಓದಿಕೊಂಡು ಮತ್ತೆ ಕಟ್ಟಬಹುದಾದಂತೆ ಏರ್ಪಾಡಿದೆ. ಆ ಫೋಲ್ಡರುಗಳನ್ನು ನಾವು ಕೈಯಿಂದ ಅತ್ತಿತ್ತ ಸರಿಸಕೂಡದು. ಹೆಸರು ಬದಲಾಯಿಸಬೇಕಾದರೆ ಕ್ಯಾಲಿಬರಿನ ಒಳಗಿನಿಂದಲೇ ಬದಲಾಯಿಸತಕ್ಕದ್ದು.

ಈಗ ಯಂತ್ರವನ್ನು ಕೇಬಲ್ಲಿನಿಂದ ಸಿಕ್ಕಿಸಿ. ಏನೂ ಆಗಲಿಲ್ಲವೆ? ಮೊದಲು ಕೇಬಲ್ಲನ್ನು ಶಂಕಿಸಿ. ಪೇಟೆಯಲ್ಲಿ ಸಿಕ್ಕುವ ಅಗ್ಗದ ಕೇಬಲ್ಲುಗಳು ಹಲವು ಬರಿಯ ಚಾರ್ಜು ಮಾಡುವಂಥವು; ವಿದ್ಯುತ್ತು ಹರಿಯುತ್ತದೆ, ಮಾಹಿತಿ ಹರಿಯುವುದಿಲ್ಲ. ಬ್ಯಾಟರಿ ತುಂಬುತ್ತಿರುವುದು ಕಾಣುವುದರಿಂದ ಕೇಬಲ್ಲು ಚೆನ್ನಾಗಿದೆಯೆಂದೇ ನಂಬುತ್ತೇವೆ. ಒಂದಿಡೀ ಭಾನುವಾರ ನಾನು ಹೀಗೆ ಕಳೆದದ್ದುಂಟು.

ಸರಿಯಾದ ಕೇಬಲ್ಲಾದರೆ ಸ್ವಲ್ಪ ಹೊತ್ತಿಗೆ ಪಟ್ಟಿಯಲ್ಲಿ "ಆನ್ ಡಿವೈಸ್" ಎಂಬ ಹೊಸ ಕಲಮು ಮೂಡುತ್ತದೆ. ಯಂತ್ರದಲ್ಲಿಯೂ ಇರುವ ಪುಸ್ತಕಗಳ ಮುಂದೆ ಸರಿಗುರುತು ಬೀಳುತ್ತದೆ. ಇದೇ ತಾಳೆ. ಇಲ್ಲದ ಪುಸ್ತಕವನ್ನು ಆರಿಸಿ "ಸೆಂಡ್ ಟು ಡಿವೈಸ್" ಒತ್ತಿದರೆ ನಕಲು ಹೋಗುತ್ತದೆ. ಯಂತ್ರಕ್ಕೆ ಒಗ್ಗದ ರೂಪದಲ್ಲಿದ್ದರೆ ಕ್ಯಾಲಿಬರ್ ಪರಿವರ್ತಿಸಿ ಕಳುಹಿಸುತ್ತದೆ. ಕೋಬೋ ಯಂತ್ರಗಳು ಇಪಬ್ ಎಂಬ ರೂಪವನ್ನು ನೇರವಾಗಿ ಓದುತ್ತವೆ. ಕಿಂಡಲಿಗೆ ಕೇಬಲ್ಲಿನ ಮೂಲಕ ಕಳುಹಿಸುವುದಾದರೆ ಅದರದೇ ರೂಪ ಬೇಕು. ಅಂಗಡಿಯಿಂದ ಬೀಗ ಹಾಕಿ ಬಂದ ಪುಸ್ತಕವನ್ನು ಮಾತ್ರ ಕ್ಯಾಲಿಬರ್ ಪರಿವರ್ತಿಸುವುದಿಲ್ಲ.

ಯಾವ ಪುಸ್ತಕ ಯಾವುದೆಂದು ಕ್ಯಾಲಿಬರಿಗೆ ತಿಳಿಯುವುದು ಹೇಗೆ? ತಾನೇ ಕಳುಹಿಸಿದ ಪುಸ್ತಕಕ್ಕೆ ಅದು ಒಂದು ಉದ್ದವಾದ ಗುರುತಿನ ಸಂಖ್ಯೆಯನ್ನು ಕೊಟ್ಟಿರುತ್ತದೆ, ಅದನ್ನು ನೋಡುತ್ತದೆ. ಬೇರೆ ದಾರಿಯಿಂದ ಯಂತ್ರ ಸೇರಿದ ಪುಸ್ತಕವಾದರೆ ಹೆಸರನ್ನೂ ಕರ್ತೃವನ್ನೂ ಹೋಲಿಸುತ್ತದೆ. ನಮ್ಮವರಿಗೆ ತೊಡಕು ಬರುವುದು ಇಲ್ಲಿಯೇ. ಮೇಷ್ಟ್ರ ಕಂಪ್ಯೂಟರಿನಲ್ಲಿ ಪುಸ್ತಕದ ಹೆಸರು ಕನ್ನಡದಲ್ಲಿ. ಮಗ ಯಂತ್ರಕ್ಕೆ ನೇರವಾಗಿ ಹಾಕಿಕೊಟ್ಟ ಅದೇ ಪುಸ್ತಕದ ಹೆಸರು ರೋಮನ್ ಲಿಪಿಯಲ್ಲಿ. ನಮ್ಮ ಕಣ್ಣಿಗೆ ಒಂದೇ, ಕ್ಯಾಲಿಬರಿಗೆ ಎರಡು. ಸರಿಗುರುತು ಬೀಳಲಿಲ್ಲವೆಂದು ನಾವು ಇನ್ನೊಮ್ಮೆ ಕಳುಹಿಸುತ್ತೇವೆ. ಯಂತ್ರದಲ್ಲಿ ಅವಳಿಗಳು ಹುಟ್ಟುತ್ತವೆ. ಒಂದರಲ್ಲಿ ಅರ್ಧ ಓದಿ ಗೆರೆ ಹಾಕಿರುತ್ತೇವೆ, ಮರುದಿನ ಇನ್ನೊಂದನ್ನು ತೆರೆದು ಗೆರೆಯೆಲ್ಲಿ ಎಂದು ಹುಡುಕುತ್ತೇವೆ.

ಕರ್ತೃಗಳ ಹೆಸರಿನದು ಬೇರೆಯೇ ತಮಾಷೆ. ಅಕಾರಾದಿಯಾಗಿ ಜೋಡಿಸುವಾಗ ಕ್ಯಾಲಿಬರ್ ಪಾಶ್ಚಾತ್ಯರ ಪದ್ಧತಿಯಂತೆ ಹೆಸರಿನ ಕೊನೆಯ ಪದವನ್ನು ಮುಂದಕ್ಕೆ ತರುತ್ತದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರು ಹೀಗೆ "ಅಯ್ಯಂಗಾರ್, ಮಾಸ್ತಿ ವೆಂಕಟೇಶ" ಎಂದಾಗಿ ಅಕಾರದಲ್ಲಿ ಹೋಗಿ ಕೂರುತ್ತಾರೆ. ಮಾಸ್ತಿಯವರನ್ನು ಅಕಾರದಲ್ಲಿ ಹುಡುಕುವ ಕನ್ನಡಿಗನನ್ನು ನಾನು ಕಂಡಿಲ್ಲ. ಕರ್ತೃಗಳ ಪಟ್ಟಿಯನ್ನು ತೆರೆದು ಒಮ್ಮೆ ತಿದ್ದಿದರೆ ಮುಂದೆ ಆ ತೊಂದರೆಯಿಲ್ಲ.

ಈಗ ಮುಖ್ಯವಾದ ಪ್ರಶ್ನೆ. ಎರಡು ಕಪಾಟುಗಳಲ್ಲಿ ಭೇದ ಕಂಡುಬಂದರೆ ಯಾರ ಮಾತು ನಡೆಯಬೇಕು? ಕ್ಯಾಲಿಬರಿನ ಮಟ್ಟಿಗೆ ಮನೆಯ ಯಜಮಾನ ಮೇಜಿನ ಕಪಾಟು. ಪುಸ್ತಕ ಹೋಗುವುದು ಅಲ್ಲಿಂದ ಇಲ್ಲಿಗೆ, ಅದೂ ನಾವು ಹೇಳಿದಾಗ. ಮೇಜಿನಲ್ಲಿ ಒಂದು ಪುಸ್ತಕವನ್ನು ಅಳಿಸಿದರೆ ಯಂತ್ರದಲ್ಲಿರುವುದು ತಾನಾಗಿ ಅಳಿಯುವುದಿಲ್ಲ. ಯಂತ್ರ ಸಿಕ್ಕಿಸಿದ್ದಾಗ ಅಳಿಸಹೊರಟರೆ, ಕಂಪ್ಯೂಟರಿನಿಂದಲೋ ಯಂತ್ರದಿಂದಲೋ ಎರಡರಿಂದಲೋ ಎಂದು ಕೇಳುತ್ತದೆ. ಅವಸರದಲ್ಲಿ "ಎರಡೂ" ಎಂದು ಒತ್ತಿ ಪರಿತಪಿಸಿದವರಿದ್ದಾರೆ. ಯಂತ್ರದಲ್ಲಿ ಅಳಿಸಿದ್ದೂ ಮೇಜಿನಲ್ಲಿ ಅಳಿಯುವುದಿಲ್ಲ; ಮುಂದಿನ ಸಲ ಸಿಕ್ಕಿಸಿದಾಗ ಸರಿಗುರುತು ಮಾಯವಾಗಿರುತ್ತದೆ, ಅಷ್ಟೆ. ಪೆದ್ದ ನಿಯಮವೆಂದು ತೋರಬಹುದು. ನನಗೇನೋ ಇದು ಸುರಕ್ಷಿತವಾದ ನಿಯಮ. ಒಂದು ಕಡೆ ಆದ ತಪ್ಪು ಇನ್ನೊಂದು ಕಡೆಗೆ ಅಂಟುಜಾಡ್ಯದಂತೆ ಹರಡುವುದಿಲ್ಲ.

ಪಟ್ಟಿಯ ವಿವರಗಳಿಗೆ ಮೂರು ಕ್ರಮಗಳಿವೆ. ಹೆಸರು ಕರ್ತೃ ಮುಂತಾದುವನ್ನು ಪುಸ್ತಕ ಕಳುಹಿಸುವಾಗ ಮಾತ್ರ ಒಯ್ಯುವುದು ಒಂದು. ಯಂತ್ರ ಸಿಕ್ಕಿಸಿದಾಗಲೆಲ್ಲ ತಾನಾಗಿ ತಿದ್ದುವುದು ಇನ್ನೊಂದು. ಕೈಯಿಂದ ನಾವೇ ನೋಡಿಕೊಳ್ಳುವುದು ಮೂರನೆಯದು. ಮೇಜಿನಲ್ಲಿ ಸದಾ ಹೆಸರು ತಿದ್ದುವ ಚಾಳಿಯಿದ್ದವರಿಗೆ ತಾನಾಗಿ ನಡೆಯುವ ಕ್ರಮ ಹಿತ. ಉಳಿದವರು ಈ ಗೋಜಿಗೆ ಹೋಗಬೇಕಾಗಿಲ್ಲ.

ಕನ್ನಡ ಓದುವವರು ಒಂದು ಎಚ್ಚರ ವಹಿಸಬೇಕು. 2016ರಲ್ಲಿ ಕಿಂಡಲಿಗೆ ಭಾರತೀಯ ಭಾಷೆಗಳ ಪುಸ್ತಕಗಳನ್ನು ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲೆಯಾಳ ಈ ಐದನ್ನು ಆರಿಸಿದರು. ಆ ಸಾಲಿನಲ್ಲಿ ಕನ್ನಡ ಇರಲಿಲ್ಲ. ಓದುಯಂತ್ರದಲ್ಲಿ ಕನ್ನಡದ ಅಕ್ಷರಮಾದರಿ ಇಲ್ಲದಿದ್ದರೆ ಪುಟದ ತುಂಬ ಖಾಲಿ ಚೌಕಗಳು ಕಾಣುತ್ತವೆ. ಅಕ್ಷರಮಾದರಿ ಇದ್ದರೂ ಸಾಲದು. ಒತ್ತಕ್ಷರವನ್ನು ಕೆಳಗೆ ಕೂರಿಸುವ ವಿದ್ಯೆ ಯಂತ್ರಕ್ಕೆ ಬರದಿದ್ದರೆ "ಅಪ್ಪ" ಎಂಬುದು "ಅಪ್‌ಪ" ಎಂದು ಬಿಡಿಬಿಡಿಯಾಗುತ್ತದೆ. ಪರಿವರ್ತಿಸುವಾಗ ಅಕ್ಷರಮಾದರಿಯನ್ನು ಪುಸ್ತಕದ ಒಳಗೇ ಸೇರಿಸುವ ಅನುಕೂಲ ಕ್ಯಾಲಿಬರಿನಲ್ಲಿದೆ. ಮೊದಲನೆಯ ತೊಂದರೆಗೆ ಅದು ಮದ್ದು, ಎರಡನೆಯದಕ್ಕೆ ಅಲ್ಲ. ಹಳೆಯ ಪುಸ್ತಕಗಳ ಪುಟಗಳನ್ನು ಚಿತ್ರ ತೆಗೆದು ಮಾಡಿದ ಪಿಡಿಎಫ್‌ಗಳಲ್ಲಿ ಒತ್ತಕ್ಷರ ಸರಿಯಾಗಿಯೇ ಇರುತ್ತದೆ. ಆದರೆ ಆರು ಅಂಗುಲದ ತೆರೆಯಲ್ಲಿ ಅದು ಇರುವೆಯ ಸಾಲು. ಅಕ್ಷರ ಮಾತ್ರ ದಪ್ಪ ಮಾಡಲು ಬರುವುದಿಲ್ಲ. ನೂರು ಪುಸ್ತಕ ಕಳುಹಿಸುವ ಮೊದಲು ಒಂದನ್ನು ಕಳುಹಿಸಿ ಹತ್ತು ಪುಟ ಓದಿ ನೋಡುವುದು ಮೇಲು.

ಇನ್ನು ಮೇಷ್ಟ್ರ ಗೆರೆಗಳ ವಿಷಯ. ಕಾಗದದ ಪುಸ್ತಕದಲ್ಲಿ ಗೆರೆ ಎಳೆದರೆ ಅದು ಪುಸ್ತಕದ ಭಾಗ. ಪುಸ್ತಕ ಎಲ್ಲಿಗೆ ಹೋದರೆ ಅಲ್ಲಿಗೆ ಅದೂ ಹೋಗುತ್ತದೆ. ಇ-ರೀಡರಿನಲ್ಲಿ ಸಾಮಾನ್ಯವಾಗಿ ಹಾಗಲ್ಲ. ನಾವು ಗೆರೆ ಎಳೆದಾಗ ಪುಸ್ತಕಕ್ಕೆ ಯಂತ್ರ ಕೈ ಹಚ್ಚುವುದಿಲ್ಲ. "ಇಂಥ ಪುಸ್ತಕ, ಇಷ್ಟನೆಯ ಜಾಗದಿಂದ ಇಷ್ಟನೆಯ ಜಾಗದವರೆಗೆ" ಎಂದು ಬೇರೊಂದು ಕಡೆ ಬರೆದಿಟ್ಟು, ಪುಟ ತೋರಿಸುವಾಗ ಮೇಲೆ ಗೆರೆ ಬಿಡಿಸಿ ತೋರಿಸುತ್ತದೆ. ಕೋಬೋ ಯಂತ್ರ ಇದನ್ನೆಲ್ಲ ತನ್ನ ಒಳಗಿನ ಒಂದು ದಾಖಲೆ ಫೈಲಿನಲ್ಲಿ ಇಡುತ್ತದೆ. ಕಿಂಡಲ್ ಪುಸ್ತಕದ ಪಕ್ಕದ ಒಂದು ಫೋಲ್ಡರಿನಲ್ಲಿ ಇಡುತ್ತದೆ. ಜೊತೆಗೆ "ಮೈ ಕ್ಲಿಪಿಂಗ್ಸ್" ಎಂಬ ಸರಳವಾದ ಬರಹದ ಫೈಲಿಗೆ ಗೆರೆ ಹಾಕಿದ ವಾಕ್ಯ, ಪುಸ್ತಕದ ಹೆಸರು, ತಾರೀಕು ಇವನ್ನು ಒಂದರ ಕೆಳಗೊಂದು ಸೇರಿಸುತ್ತ ಹೋಗುತ್ತದೆ. ಮೇಜಿನ ಕಪಾಟಿನಲ್ಲಿರುವ ನಕಲಿಗೆ ಈ ಸಂಗತಿಯ ಗಂಧವೂ ಇಲ್ಲ. ಆದ್ದರಿಂದಲೇ ಯಂತ್ರವನ್ನು ಅಳಿಸಿ ಪುಸ್ತಕವನ್ನು ಮತ್ತೆ ತುಂಬಿದಾಗ ಬಂದದ್ದು ಶುದ್ಧವಾದ, ಯಾರೂ ಓದದ ಪುಸ್ತಕ. ತಿದ್ದಿದ ಪುಸ್ತಕವನ್ನು ಹಳೆಯದರ ಮೇಲೆ ಮತ್ತೆ ಕಳುಹಿಸಿದರೂ ಅಪಾಯವೇ: ಜಾಗಗಳ ಎಣಿಕೆ ಬದಲಾಗಿ ಗೆರೆ ಬೇರೆ ವಾಕ್ಯದ ಮೇಲೆ ಹೋಗಿ ಕೂರಬಹುದು.

ಕಂಪನಿಯ ಅಂಗಡಿಯಲ್ಲಿಯೇ ಕೊಂಡ ಪುಸ್ತಕಕ್ಕೆ ಈ ಚಿಂತೆ ಕಡಿಮೆ. ಅದರ ಗೆರೆ, ಟಿಪ್ಪಣಿ, ಓದಿ ನಿಲ್ಲಿಸಿದ ಜಾಗ ಎಲ್ಲವೂ ವೈಫೈ ಮೂಲಕ ಕಂಪನಿಯ ಕಂಪ್ಯೂಟರಿಗೆ ಹೋಗಿ, ನಮ್ಮ ಇನ್ನೊಂದು ಯಂತ್ರಕ್ಕೋ ಫೋನಿಗೋ ಇಳಿಯುತ್ತವೆ. ಕೇಬಲ್ಲಿನಲ್ಲಿ ನಾವೇ ಹಾಕಿಕೊಂಡ ಪುಸ್ತಕಕ್ಕೆ ಸಾಮಾನ್ಯವಾಗಿ ಈ ಸೇವೆಯಿಲ್ಲ. ಹಾಗೆಂದು ಎಲ್ಲವನ್ನೂ ಕಂಪನಿಗೇ ಒಪ್ಪಿಸಿ ನಿಶ್ಚಿಂತೆಯಾಗಿರೋಣವೆಂದರೆ ನಡೆದ ಕೆಲವು ಸಂಗತಿಗಳು ನೆನಪಾಗುತ್ತವೆ.

2009ರ ಜುಲೈಯಲ್ಲಿ ಅಮೆಜಾನ್ ಕಂಪನಿ, ಹಕ್ಕಿಲ್ಲದವರು ಮಾರಿದ ಪ್ರತಿಗಳೆಂಬ ಕಾರಣದಿಂದ, ಜಾರ್ಜ್ ಆರ್ವೆಲನ ಎರಡು ಕಾದಂಬರಿಗಳನ್ನು ಗಿರಾಕಿಗಳ ಕಿಂಡಲುಗಳಿಂದ ದೂರದಿಂದಲೇ ಅಳಿಸಿ ಹಣ ಹಿಂದಿರುಗಿಸಿತು. ಅಳಿಸಿದ ಪುಸ್ತಕಗಳಲ್ಲಿ ಒಂದು "1984" ಎಂಬುದನ್ನು ಪತ್ರಿಕೆಗಳು ಸುಮ್ಮನೆ ಬಿಡಲಿಲ್ಲ. ನನಗೆ ಅದಕ್ಕಿಂತ ಮನಸ್ಸಿಗೆ ನಾಟಿದ್ದು ಮಿಷಿಗನ್ನಿನ ಒಬ್ಬ ಶಾಲಾ ವಿದ್ಯಾರ್ಥಿಯ ದೂರು. ಪಾಠಕ್ಕೆಂದು ಓದುತ್ತ ಅವನು ಟಿಪ್ಪಣಿಗಳನ್ನು ಮಾಡಿಕೊಂಡಿದ್ದ. ಟಿಪ್ಪಣಿಗಳು ಉಳಿದವು, ಯಾವ ವಾಕ್ಯಕ್ಕೆ ಯಾವ ಟಿಪ್ಪಣಿ ಎಂದು ಹೇಳುವ ಪುಸ್ತಕ ಹೋಗಿತ್ತು. ಮೇಷ್ಟ್ರದಕ್ಕೆ ನೇರ ತಿರುಗುಮುರುಗು. ಮೊಕದ್ದಮೆ ರಾಜಿಯಲ್ಲಿ ಮುಗಿಯಿತು. ಕಂಪನಿಯ ಮುಖ್ಯಸ್ಥರು ಕ್ಷಮೆ ಕೇಳಿದರು. ಪುಸ್ತಕಗಳನ್ನು ಟಿಪ್ಪಣಿ ಸಹಿತ ಹಿಂದಿರುಗಿಸಲು ಒಪ್ಪಿದರು.

2019ರಲ್ಲಿ ಮೈಕ್ರೋಸಾಫ್ಟ್ ಕಂಪನಿ ತನ್ನ ಪುಸ್ತಕದ ಅಂಗಡಿಯನ್ನೇ ಮುಚ್ಚಿತು. ಕೊಂಡವರಿಗೆಲ್ಲ ಪೂರ್ತಿ ಹಣ ವಾಪಸಾಯಿತು, ಪುಸ್ತಕಗಳು ತೆರೆಯದಾದವು. ಟಿಪ್ಪಣಿ ಮಾಡಿಕೊಂಡಿದ್ದವರಿಗೆ ಇಪ್ಪತ್ತೈದು ಡಾಲರು ಹೆಚ್ಚಿಗೆ ಜಮೆ ಮಾಡಿದರು. ಒಬ್ಬನಿಗೆ ಒಂದು ಗೆರೆಯಿರಲಿ, ಸಾವಿರ ಗೆರೆಯಿರಲಿ, ಅದೇ ಇಪ್ಪತ್ತೈದು. ಅಮೆಜಾನಿನವರು ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕೇಬಲ್ಲಿನಲ್ಲಿ ಕಿಂಡಲಿಗೆ ಹಾಕಿಕೊಳ್ಳುವ ಸೌಲಭ್ಯವೊಂದನ್ನು ಬಹುಕಾಲ ಕೊಟ್ಟಿದ್ದರು. 2025ರ ಫೆಬ್ರವರಿ 26ರಂದು ಅದನ್ನು ನಿಲ್ಲಿಸಿದರು. ಅಂದಿನವರೆಗೆ ಇಳಿಸಿಕೊಂಡವರ ಮೇಜಿನ ಕಪಾಟಿನಲ್ಲಿ ಆ ಪುಸ್ತಕಗಳಿವೆ.

ಹೀಗಾಗಿ ಎರಡು ದಿಕ್ಕಿನಲ್ಲಿಯೂ ತಾಳೆ ನೋಡಬೇಕಾಯಿತು: ಪುಸ್ತಕ ಮೇಜಿನಿಂದ ಕೈಗೆ, ಗುರುತು ಕೈಯಿಂದ ಮೇಜಿಗೆ. ಮೊದಲನೆಯದನ್ನು ಕ್ಯಾಲಿಬರ್ ಅಚ್ಚುಕಟ್ಟಾಗಿ ಮಾಡುತ್ತದೆ. ಎರಡನೆಯದಕ್ಕೂ ಕೆಲವು ಯಂತ್ರಗಳಿಂದ ಟಿಪ್ಪಣಿಗಳನ್ನು ತಂದುಕೊಳ್ಳುವ ಏರ್ಪಾಡು ಅದರಲ್ಲಿದೆ. ನಾನು ಮಾತ್ರ ಅದನ್ನೊಂದನ್ನೇ ನೆಚ್ಚದೆ, ಟಿಪ್ಪಣಿಯಿರುವ ಫೈಲನ್ನು ಕೈಯಿಂದಲೇ ನಕಲು ಮಾಡಿಕೊಳ್ಳುತ್ತೇನೆ. ಹಾಗೆ ತೆಗೆದಿಟ್ಟ ಸರಳ ಬರಹವನ್ನು ಯಂತ್ರಕ್ಕೆ ಮತ್ತೆ ಹಾಕಿದರೆ ಗೆರೆಗಳು ಪುನಃ ಮೂಡುವುದಿಲ್ಲ. ವಾಕ್ಯವೂ ಟಿಪ್ಪಣಿಯೂ ಮಾತ್ರ ಉಳಿಯುತ್ತವೆ.

ಕೆಲಸ ಮುಗಿದ ಮೇಲೆ ಕೇಬಲ್ಲನ್ನು ಕಿತ್ತುಬಿಡಬಾರದು. ಕ್ಯಾಲಿಬರಿನಲ್ಲಿ "ಇಜೆಕ್ಟ್" ಒತ್ತಿ, ಯಂತ್ರ ಬಿಡುಗಡೆಯಾಯಿತೆಂದು ಕಂಡ ಮೇಲೆ ತೆಗೆಯಬೇಕು. ಬರೆಯುತ್ತಿರುವಾಗಲೇ ಕಿತ್ತರೆ ಪುಸ್ತಕ ಅರ್ಧಕ್ಕೆ ನಿಲ್ಲಬಹುದು, ಯಂತ್ರದ ದಾಖಲೆ ಫೈಲೇ ಕೆಡಬಹುದು. ಕ್ಯಾಲಿಬರಿನ ಫೋಲ್ಡರನ್ನು ಇಂಟರ್ನೆಟ್ಟಿನ ಸಂಗ್ರಹದಲ್ಲಿಟ್ಟು ಎರಡು ಕಂಪ್ಯೂಟರುಗಳಲ್ಲಿ ಒಟ್ಟಿಗೆ ತೆರೆಯುವುದೂ ಕೂಡದು. ಇಬ್ಬರು ಗುಮಾಸ್ತರು ಒಂದೇ ದಾಖಲೆ ಪುಸ್ತಕದ ಒಂದೇ ಸಾಲಿನಲ್ಲಿ ಬರೆದಂತಾಗುತ್ತದೆ. ಬೇರೊಂದು ಡಿಸ್ಕಿನಲ್ಲಿ ಆ ಫೋಲ್ಡರಿನ ಒಂದು ನಕಲು ಇದ್ದರೆ ಸಾಕು.

ಮೇಷ್ಟ್ರು ನನ್ನನ್ನು ಗದರಿಸಲಿಲ್ಲ, ಗದರಿಸಿದ್ದರೆ ವಾಸಿಯಾಗಿತ್ತು. ಎರಡು ವಾರ ಯಂತ್ರವನ್ನು ಮುಟ್ಟಲಿಲ್ಲವೆಂದು ಅವರ ಮನೆಯವರು ಹೇಳಿದರು. ಆಮೇಲೆ ಒಂದು ಸಂಜೆ ತಾವೇ ಬಂದು, "ಮೊದಲಿನಿಂದ ಓದುತ್ತಿದ್ದೇನಯ್ಯಾ. ಈ ಸಲ ಅದೇನು ಫೈಲು ಎಂದು ನನಗೇ ತೋರಿಸಿಬಿಡು" ಎಂದರು. ತೋರಿಸಿದೆ. ಈಗ ತಿಂಗಳ ಮೊದಲ ಭಾನುವಾರ, ಬೆಳಗಿನ ಸಮಾಚಾರ ಕೇಳಿದ ಮೇಲೆ, ಅವರು ಯಂತ್ರವನ್ನು ಸಿಕ್ಕಿಸಿ, ಹೊಸ ಪುಸ್ತಕಕ್ಕೆ ಕೈ ಹಾಕುವ ಮೊದಲು ಆ ಫೈಲನ್ನು ನಕಲು ಮಾಡಿ ಹೆಸರಿನ ಮುಂದೆ ತಾರೀಕು ಹಾಕುತ್ತಾರೆ. ಹೋದ ತಿಂಗಳು ಅದನ್ನು ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡು ಬಂದು, ಒಂದು ಮಾತಿನ ಅರ್ಥ ನಮ್ಮ ಮನೆಯ ಕಡೆ ಏನೆಂದು ನನ್ನ ತಾಯಿಯನ್ನು ಕೇಳಿಕೊಂಡು ಹೋದರು.